ಮಕ್ಕಳಿಲ್ಲ ಎಂದು ಬರೆಸಿದವಳ ಮಗಳು

ಹನುಮವ್ವನಿಗೆ ಮಕ್ಕಳಿಲ್ಲ ಎಂದು ಅರ್ಜಿಯಲ್ಲಿ ಬರೆದದ್ದು ನಾವು. ಬರೆಯುವ ಹೊತ್ತಿಗೆ ಅವಳ ಮಗಳು ಅನ್ನಪೂರ್ಣ ಕಾರ್ಕಳದ ಕಡೆ ಒಂದು ಕಲ್ಲುಕೋರೆಯಲ್ಲಿ ಗಂಡನ ಜೊತೆ ಜಲ್ಲಿ ಒಡೆಯುತ್ತಿದ್ದಳು. ಗಟ್ಟಿಮುಟ್ಟಾಗಿದ್ದಳು. ಅದು ಎಲ್ಲರಿಗೂ ಗೊತ್ತಿತ್ತು.

ಉಡುಪಿ ಹೊಸದಾಗಿ ಜಿಲ್ಲೆಯಾದ ವರ್ಷ ಅದು, ತೊಂಬತ್ತೇಳು. ಮನೆ ನಿವೇಶನ ಇಲ್ಲದವರನ್ನು ಕಟ್ಟಿಕೊಂಡು ತಾಲೂಕು ಕಚೇರಿಯ ಮುಂದೆ ಹನ್ನೊಂದು ದಿನ ಕೂತಿದ್ದೆವು. ಬಾದಾಮಿ, ಇಳಕಲ್ ಕಡೆಯಿಂದ ಬಂದು ಮಣಿಪಾಲದ ಹಾಸ್ಟೆಲ್ ಕಟ್ಟಡಗಳಿಗೆ ಮಣ್ಣು ಹೊತ್ತವರು ಇದ್ದರು. ಎರ್ಮಾಳಿನ ಮೀನುಗಾರರ ಮನೆಗಳಿಂದ ಜಾಗ ಸಾಲದೆ ಹೊರಬಿದ್ದವರು ಇದ್ದರು. ಹನ್ನೆರಡನೇ ದಿನ ಅಧಿಕಾರಿಗಳು ಬಗ್ಗಿದರು. ಕಾಪುವಿನ ಮೇಲ್ಗಡೆ, ಹೆದ್ದಾರಿಗೆ ಕಾಣುವ ಬೋಳು ಗುಡ್ಡದಲ್ಲಿ ತಲಾ ಐದು ಸೆಂಟ್ಸ್ ಕೊಡುವುದೆಂದು ಒಪ್ಪಿದರು. ಆದರೆ ಪಟ್ಟಿಗೆ ಒಂದು ಕ್ರಮ ಇತ್ತು. ದಿಕ್ಕಿಲ್ಲದ ವಿಧವೆಯರು, ಗಂಡ ಬಿಟ್ಟವರು ಮೊದಲು. ಪ್ರಾಯಕ್ಕೆ ಬಂದ ಮಕ್ಕಳಿದ್ದವರು ಕೊನೆಗೆ. ಹಿಂದಿನ ಪಟ್ಟಿಯಲ್ಲಿ ಕೊನೆಗೆ ಬಿದ್ದವರು ಕೊನೆಯಲ್ಲೇ ಸತ್ತದ್ದನ್ನು ನಾವು ಕಂಡಿದ್ದೆವು. ಹಾಗಾಗಿ ನಮ್ಮ ಹೋರಾಟ ಸಮಿತಿ ಕೂತು ನಿರ್ಣಯ ಮಾಡಿತು: ಎಲ್ಲರೂ ದಿಕ್ಕಿಲ್ಲದವರೇ. ಮೂವತ್ತೇಳು ಅರ್ಜಿಯಲ್ಲಿ 'ಮಕ್ಕಳು' ಎಂಬ ಕಾಲಮ್ಮಿನ ಎದುರು 'ಇಲ್ಲ' ಎಂದು ಬರೆದೆವು.

ಉಳಿದ ಮೂವತ್ತಾರು ಜನ ನಗುತ್ತಾ ಹೆಬ್ಬಟ್ಟು ಒತ್ತಿದರು. ಹನುಮವ್ವ ಒತ್ತಲಿಲ್ಲ.

"ಹೊಟ್ಟ್ಯಾಗ ಹುಟ್ಟಿದಾಕಿನ್ನ ಇಲ್ಲ ಅನ್ನಾಕ ನಾಲಿಗಿ ಬರ್ತೈತೇನ್ರಿ ನಿಮಗ?"

"ನಾಲಿಗೆಯಲ್ಲಿ ಹೇಳುವುದು ಬೇಡ ಅಜ್ಜಿ. ಹೆಬ್ಬೆರಳಿನಲ್ಲಿ ಹೇಳಿ ಸಾಕು," ಎಂದೆ ನಾನು. ಸುತ್ತ ಇದ್ದವರು ನಕ್ಕರು. ಅವಳು ನಗಲಿಲ್ಲ. ಒತ್ತಿದಳು, ಸೆರಗಿಗೆ ಬೆರಳನ್ನು ಉಜ್ಜಿ ಉಜ್ಜಿ ಒರೆಸಿಕೊಂಡಳು.

ಹಕ್ಕುಪತ್ರ ಬಂತು. ಗುಡ್ಡದ ಮೇಲೆ ಮೂವತ್ತೇಳು ಮನೆ ಎದ್ದಿತು. ಸುಳ್ಳಿನ ಮೇಲೆ ಎದ್ದ ಊರಿಗೆ ಅದರದೇ ಒಂದು ನಡವಳಿಕೆಯೂ ಬೆಳೆಯಿತು. ಸರಕಾರಿ ಜೀಪು ಗುಡ್ಡ ಹತ್ತುವ ಸದ್ದು ಕೇಳಿದರೆ ಮಕ್ಕಳೆಲ್ಲ ಆ ಕ್ಷಣಕ್ಕೆ ಅಕ್ಕನ ಮಕ್ಕಳು, ತಂಗಿಯ ಮಕ್ಕಳು ಆಗುತ್ತಿದ್ದರು. ಹೆತ್ತವಳನ್ನು ಕಂಡು 'ದೊಡ್ಡಮ್ಮ' ಎನ್ನುತ್ತಿದ್ದರು. ಎರ್ಮಾಳಿನ ವಾರಿಜಾ ಬುಟ್ಟಿ ಹೊತ್ತು ಮೀನು ಮಾರುವವಳು, ಅರ್ಜಿಯ ಪ್ರಕಾರ ಗಂಡ ಬಿಟ್ಟವಳು. ಬಿಟ್ಟುಹೋದ ಗಂಡ ಕಿಟ್ಟ ಜೀಪು ಬಂದಾಗಲೆಲ್ಲ ಇದ್ದ ತುಂಡು ಬಟ್ಟೆಯಲ್ಲೇ ಹಿಂದಿನ ಪಾಗಾರ ಹಾರಿ ಗೇರುಪೊದೆಯೊಳಗೆ ಕೂರುತ್ತಿದ್ದ. "ಓಡಿಹೋದವ ಇಷ್ಟೇ ದೂರ ಓಡಿದ್ದು," ಎಂದು ವಾರಿಜಾಳೇ ನಗಾಡುತ್ತಿದ್ದಳು.

ಅನ್ನಪೂರ್ಣ ಆ ಗುಡ್ಡಕ್ಕೆ ಬಂದದ್ದು ತೊಂಬತ್ತೊಂಬತ್ತರಲ್ಲಿ. ಕೋರೆಯ ಗೋಡೆ ಜಾರಿ ಗಂಡ ಮಲ್ಲಿನಾಥನ ಮೇಲೆ ಬಿದ್ದಿತ್ತು. ಬಂಡೆ ಎತ್ತಲು ಕ್ರೇನು ಬರುವವರೆಗೆ ಅವಳು ಅಲ್ಲೇ ಕೂತು ಅವನ ಹೊರಗಿದ್ದ ಒಂದು ಕೈಯನ್ನು ಹಿಡಿದುಕೊಂಡಿದ್ದಳಂತೆ. ಇದನ್ನು ಅವಳು ಹೇಳಿದ್ದಲ್ಲ, ಜೊತೆಗೆ ಕಲ್ಲೊಡೆದವರು ಹೇಳಿದ್ದು. ಒಂದು ಟ್ರಂಕು, ಒಂದು ಸುತ್ತಿಗೆ ಹಿಡಿದುಕೊಂಡು ತಾಯಿಯ ಮನೆಗೆ ಬಂದಳು. ಆಗ ಅದು ಮನೆಯಲ್ಲ, ಪ್ಲಾಸ್ಟಿಕ್ ಹೊದಿಸಿದ ಗೂಡು. ಹಗಲು ಮಣಿಪಾಲದಲ್ಲಿ ಬೇರೆಯವರ ಕಟ್ಟಡಕ್ಕೆ ಕಾಂಕ್ರೀಟ್ ಹೊತ್ತು, ಸಂಜೆ ಆರರ ಬಸ್ಸಿಗೆ ಬಂದು, ಕತ್ತಲಾಗುವವರೆಗೆ ಕೆಂಪುಕಲ್ಲು ಇಟ್ಟಳು. ಮೇಸ್ತ್ರಿಯನ್ನು ಕರೆಯಲಿಲ್ಲ. ದಾರ, ತೂಗುಗುಂಡು ಹಿಡಿದು ತಾನೇ ಗೋಡೆ ನೇರ ಮಾಡಿದಳು. ಎರಡು ವರ್ಷ ಹಿಡಿಯಿತು. ಆ ಗುಡ್ಡದಲ್ಲಿ ಮೂಲೆ ಸರಿಯಾಗಿ ತೊಂಬತ್ತು ಡಿಗ್ರಿ ಇದ್ದ ಮನೆ ಅದೊಂದೇ.

ಅವಳು ನಯದ ಹೆಂಗಸಲ್ಲ. ಕಾಂಕ್ರೀಟ್ ಮಿಕ್ಸರಿನ ಸದ್ದಿನ ನಡುವೆ ಕೇಳುವ ಹಾಗೆ ಮಾತಾಡಿ ಮಾತಾಡಿ ಮನೆಯೊಳಗೂ ಕೂಗಿಯೇ ಮಾತಾಡುತ್ತಿದ್ದಳು. ಸೊಂಟಕ್ಕೆ ಕೈ ಹಾಕಿದ ಸೂಪರ್‌ವೈಸರ್ ಒಬ್ಬನ ತಲೆಗೆ ಸಿಮೆಂಟ್ ಬಾಣಲೆಯಲ್ಲಿ ಬಾರಿಸಿ ಕೆಲಸ ಕಳೆದುಕೊಂಡಿದ್ದಳು. ಯಾರ ಮನೆಯ ಚಹಾವನ್ನೂ ಕುಡಿಯುತ್ತಿರಲಿಲ್ಲ. ನಮ್ಮ ಸಭೆಗೆ ಬಂದರೆ ಹಿಂದೆ ಕೂತು ಎಲೆ ಅಡಿಕೆ ಮೆಲ್ಲುತ್ತಾ, ಭಾಷಣ ಉದ್ದವಾದರೆ "ಮುಗಿಸ್ರಿ, ನೀರು ಬರೋ ಹೊತ್ತಾತು" ಎಂದು ಅಲ್ಲಿಂದಲೇ ಕೂಗುತ್ತಿದ್ದಳು.

ಎರಡು ಸಾವಿರದ ಒಂದರಲ್ಲಿ ಹನುಮವ್ವನಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು. ಆಗ ನನಗೆ ಭಯವಾಯಿತು. ಸಮಿತಿಯ ವಕೀಲರನ್ನು ಕೇಳಿದೆ. "ಮುದುಕಿ ಹಾಗೇ ಸತ್ತರೆ ಕಾಗದದಲ್ಲಿ ಮಕ್ಕಳಿಲ್ಲ. ಮಕ್ಕಳಿಲ್ಲದ ವಿಧವೆಯ ಆಸ್ತಿ ಗಂಡನ ಕಡೆಯವರಿಗೆ ಹೋಗ್ತದೆ. ಒಂದು ವೀಲುನಾಮೆ ಮಾಡಿಸಿ. ಮಗಳು ಅಂತ ಬರೆಯುವುದೇ ಬೇಡ. 'ನನ್ನನ್ನು ನೋಡಿಕೊಳ್ಳುತ್ತಿರುವ ಕೆಲಸದಾಕೆ ಅನ್ನಪೂರ್ಣ' ಅಂತ ಬರೆದರೆ ಸಾಕು. ಮನೆ ಅವಳಿಗೆ," ಎಂದರು ಅವರು.

ಕಾಗದ ಬರೆಸಿಕೊಂಡು, ಸಾಕ್ಷಿಗೆ ಇಬ್ಬರನ್ನು ಕರೆದುಕೊಂಡು ಹೋದೆ. ಓದಿ ಹೇಳಿದೆ. ಹನುಮವ್ವನ ಬಾಯಿ ಒಂದು ಕಡೆ ವಾಲಿತ್ತು, ಮಾತು ತೊದಲುತ್ತಿತ್ತು. ಆದರೆ ಬೈಗುಳ ಮಾತ್ರ ಸ್ಪಷ್ಟವಾಗಿ ಬಂತು.

"ಹಾಟ್ಯಾನ ಮಗನ, ಒಮ್ಮೆ ಹೆಬ್ಬಟ್ಟು ಒತ್ತಿಸಿ ಮಗಳ್ನ ಇಲ್ಲ ಅನಿಸಿದಿ. ಇನ್ನೊಮ್ಮೆ ಒತ್ತಿಸಿ ಆಳು ಅನಸ್ತಿ? ಒತ್ತಂಗಿಲ್ಲ. ಬೆರಳು ಕಡದು ಒಯ್ಯಿ."

ಅನ್ನಪೂರ್ಣ ಹೊರಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ತಾಯಿಯ ಹೊಲಸು ಬಟ್ಟೆ ಜಾಲಾಡುತ್ತಿದ್ದಳು. ಎಲ್ಲ ಕೇಳಿಸಿತ್ತು. ನೀನಾದರೂ ಹೇಳು ಎಂದು ಬೇಡಿದೆ.

"ಆಕಿ ಬ್ಯಾಡಂದ್ರ ಬ್ಯಾಡ್ರಿ. ಬಿದ್ದಾಕಿ ಮುಂದ ಕಾಗದ ಹಿಡೀತೀರಿ, ನಾಚಿಕಿಲ್ಲ?" ಎಂದಳು.

ಅವಳ ಮುಖ ನೋಡಿದೆ. ಖುಷಿಯಾಗಿದ್ದಳು. ಹೆತ್ತವಳು ನಾಲ್ಕು ಜನರ ಮುಂದೆ ತನ್ನನ್ನು ಮಗಳು ಎಂದಿದ್ದಳು, ಅದೂ ಕೂಗಿ. ಆ ಖುಷಿಯ ಎದುರು ನನ್ನ ಕಾನೂನು ನಿಲ್ಲಲಿಲ್ಲ. ಕಾಗದ ಮಡಚಿ ಬಂದೆ. ಒತ್ತಾಯ ಮಾಡಬೇಕಿತ್ತು. ಮಾಡಲಿಲ್ಲ.

ಮೂರು ವರ್ಷ ಮುದುಕಿ ಹಾಸಿಗೆಯಲ್ಲೇ ಇದ್ದಳು. ಅನ್ನಪೂರ್ಣ ಬೆಳಿಗ್ಗೆ ಐದಕ್ಕೆ ಎದ್ದು ತೊಳೆದು, ಉಣಿಸಿ, ಚಾಪೆಯ ಸುತ್ತ ತಲೆದಿಂಬು ಒತ್ತರಿಸಿ, ಬಾಗಿಲಿಗೆ ಚಿಲಕ ಹಾಕಿ ಮಣಿಪಾಲಕ್ಕೆ ಹೋಗುತ್ತಿದ್ದಳು. ಸಂಜೆ ಬಂದು ಮತ್ತೆ ತೊಳೆಯುತ್ತಿದ್ದಳು. ಇಬ್ಬರೂ ಪ್ರೀತಿಯ ಮಾತಾಡಿದ್ದನ್ನು ಯಾರೂ ಕೇಳಿಲ್ಲ. "ಸಾಯವಲ್ಲಿ ಯಾಕ?" ಎಂದು ಇವಳು. "ನೀ ಕಟ್ಟಿದ ಮನ್ಯಾಗ ಗಾಳಿ ಚೊಲೊ ಐತಿ, ಅದಕ್ಕ," ಎಂದು ಅವಳು.

ಎರಡು ಸಾವಿರದ ನಾಲ್ಕರ ಫೆಬ್ರವರಿಯಲ್ಲಿ ಮುದುಕಿ ಸತ್ತಳು. ಅವರಲ್ಲಿ ಹೂಳುವುದು ಪದ್ಧತಿ. ಇಲ್ಲಿ ಹೂಳಲು ಜಾಗ ಕೊಡುವವರು ಯಾರು? ಸುಟ್ಟರು. ಮಗಳೇ ಬೆಂಕಿ ಇಟ್ಟಳು. ಮರುದಿನ ಸಾವನ್ನು ಬರೆಸಲು ಪಂಚಾಯತಿಗೆ ಹೋದಳು. ಗುಮಾಸ್ತ ತಲೆ ಎತ್ತದೆ ಕೇಳಿದ: "ಮೃತರಿಗೆ ನೀವು ಎಂತ ಆಗಬೇಕು?"

ಸರಕಾರಿ ಮೇಜು ಕಂಡರೆ ಗುಡ್ಡದವರ ಬಾಯಲ್ಲಿ ಸತ್ಯ ಬರುವುದಿಲ್ಲ. ಐದು ವರ್ಷದ ರೂಢಿ. "ಬಾಜೂ ಮನಿಯಾಕಿ," ಎಂದುಬಿಟ್ಟಳು. ಅವನು ಬರೆದುಕೊಂಡ. ಹೊರಗೆ ಬಂದು ನನಗೆ ಹೇಳುವಾಗ ಅವಳಿಗೇ ಆಶ್ಚರ್ಯ. "ನೋಡ್ರಿ, ಬಾಯಾಗ ಅದ ಬಂತು."

ಹನ್ನೊಂದನೇ ದಿನದ ಊಟಕ್ಕೆ ಕಟಪಾಡಿಯಿಂದ ಸಿದ್ದಣ್ಣ ಬಂದ. ಹನುಮವ್ವನ ಗಂಡನ ತಮ್ಮ, ಅನ್ನಪೂರ್ಣಳಿಗೆ ಕಾಕಾ. ಸೆಂಟ್ರಿಂಗ್ ಮೇಸ್ತ್ರಿ, ಕೈಕೆಳಗೆ ಹದಿನೈದು ಜನ. ಅತ್ತಿಗೆ ಮಲಗಿದ್ದ ಮೂರು ವರ್ಷದಲ್ಲಿ ಒಂದು ಸಲವೂ ಆ ಗುಡ್ಡ ಹತ್ತಿದವನಲ್ಲ. ಬಂದವನೇ ಎಲ್ಲರಿಗಿಂತ ಜೋರಾಗಿ ಅತ್ತ. ಎರಡು ಸಲ ಬಡಿಸಿಕೊಂಡು ಉಂಡ. ಕೈ ತೊಳೆದು ಕೇಳಿದ: "ಹಕ್ಕುಪತ್ರ ಎಲ್ಲೈತವ್ವ? ಗೆದ್ದಲ ತಿಂತಾವು. ಜೆರಾಕ್ಸ್ ಮಾಡಿಸಿ ಕೊಡ್ತೀನಿ."

ಯಾರ ಚಹಾವನ್ನೂ ನಂಬದ ಹೆಂಗಸು ಅದನ್ನು ಟ್ರಂಕಿನಿಂದ ತೆಗೆದು ಕೊಟ್ಟಳು. ಕಾಕಾ ತಾನೆ.

ಒಂದು ತಿಂಗಳಿಗೆ ಸುದ್ದಿ ಬಂತು. ಸಂತಾನವಿಲ್ಲದೆ ಸತ್ತ ಅತ್ತಿಗೆಯ ಮನೆಯನ್ನು ತನ್ನ ಹೆಸರಿಗೆ ಖಾತೆ ಬದಲಿಸಿ ಎಂದು ಸಿದ್ದಣ್ಣ ಅರ್ಜಿ ಹಾಕಿದ್ದ. ಮೂಲ ಹಕ್ಕುಪತ್ರವನ್ನೇ ಲಗತ್ತಿಸಿದ್ದ. ಅನ್ನಪೂರ್ಣ ನನ್ನನ್ನು ಕರೆದುಕೊಂಡು ಕಟಪಾಡಿಗೆ ಹೋದಳು. ಜಂಕ್ಷನ್ನಿನಲ್ಲಿ ಆಟೋಗಳ ಮಧ್ಯೆ ಅವನನ್ನು ನಿಲ್ಲಿಸಿಯೇ ಕೇಳಿದಳು.

"ಕಾಕಾ, ನಾ ಯಾರು?"

"ನಮ್ಮಣ್ಣನ ಮಗಳು. ಅದರಾಗೇನೈತಿ ಕೇಳೂದು?"

"ಮತ್ತ ಮನಿ?"

"ನಿಮ್ಮವ್ವ ಸರಕಾರಕ್ಕ ಹೇಳ್ಯಾಳ, ಮಕ್ಕಳಿಲ್ಲಂತ. ಸತ್ತಾಕಿ ಮಾತು ನಾ ಸುಳ್ಳು ಮಾಡ್ಲೇನು?" ಎಂದ. ನನ್ನ ಕಡೆ ತಿರುಗಿ, "ಸರ್ ಅವರ ಅಕ್ಷರ ಭಾಳ ಚೊಲೊ ಐತಿ. ಎಲ್ಲಾ ಸ್ಪಷ್ಟ ಓದಾಕ ಬರ್ತೈತಿ," ಎಂದು ಹಲ್ಲು ಕಿರಿದ.

ಗ್ರಾಮಕರಣಿಕ ಗುಣಪಾಲನ ಹತ್ತಿರ ಹೋದೆವು. ಕೆಟ್ಟವನಲ್ಲ. ಅವನೂ ವಾರಿಜಾಳ ಹಾಗೆ ಕಡಲಿನ ಬದಿಯವನೇ. ಬಾಗಿಲು ಓರೆ ಮಾಡಿ ಕೂರಿಸಿ ಹೇಳಿದ.

"ನೋಡಿ ಅಮ್ಮ, ನೀವು ಮಗಳು ಅಂತ ನನಗೆ ಗೊತ್ತುಂಟು. ಇಡೀ ಊರಿಗೆ ಗೊತ್ತುಂಟು. ಫೈಲಿಗೆ ಗೊತ್ತಿಲ್ಲ, ಅಲ್ವಾ? ನಿಮ್ಮ ಹತ್ತಿರ ಜನನ ಪತ್ರ ಇಲ್ಲ. ಶಾಲೆಗೆ ಹೋದವರಲ್ಲ. ಆದರೂ ಊರಿನಿಂದ ನಾಲ್ಕು ಜನ ಹಿರಿಯರನ್ನು ಕರೆಸಿ ಸಾಬೀತು ಮಾಡಬಹುದು. ಮಾಡಿದ ಕೂಡಲೇ ಎಂತ ಆಗ್ತದೆ ಗೊತ್ತುಂಟಾ? ನಿಮ್ಮ ಅಮ್ಮ ಸುಳ್ಳು ಹೇಳಿ ನಿವೇಶನ ತಗೊಂಡದ್ದು ಅಂತ ಆಗ್ತದೆ. ಮಂಜೂರಾತಿ ರದ್ದು. ಜಾಗ ಸರಕಾರಕ್ಕೆ ವಾಪಸ್."

"ಮಗಳಲ್ಲ ಅಂದ್ರ?"

"ಸಿದ್ದಣ್ಣನಿಗೆ."

ಅನ್ನಪೂರ್ಣ ಅವನ ಮೇಜಿನ ಮೇಲಿನ ಕಾಗದದ ಕಟ್ಟು ನೋಡಿದಳು. ಆಮೇಲೆ, "ಹಂಗಾರ ಸರಕಾರಕ್ಕ ಹೋಗ್ಲಿ. ಅವಂಗ ಸಿಗಬಾರ್ದು. ನಾ ಮಗಳು ಅಂತ ಬರಕೊಡ್ತೀನಿ," ಎಂದಳು.

ಗುಣಪಾಲ ನನ್ನ ಮುಖ ನೋಡಿದ. ನನಗೆ ಅರ್ಥವಾಯಿತು. ಅವಳಿಗೆ ಇನ್ನೂ ಆಗಿರಲಿಲ್ಲ.

"ಒಂದು ಅರ್ಜಿ ಸುಳ್ಳು ಅಂತಾದರೆ ಅದೇ ಪಟ್ಟಿಯ ಮೂವತ್ತಾರನ್ನೂ ತನಿಖೆ ಮಾಡಬೇಕಾಗ್ತದೆ," ಎಂದ ಅವನು. "ನನ್ನ ಕೈಯಲ್ಲಿ ಇಲ್ಲ ಅದು."

ಆ ಭಾನುವಾರ ಮಧ್ಯಾಹ್ನ ಗುಡ್ಡದ ನೀರಿನ ಟ್ಯಾಂಕಿನ ಬುಡದಲ್ಲಿ ಸಭೆ ಸೇರಿತು. ಕರೆಯದೆಯೇ ಮೂವತ್ತಾರು ಮನೆಯವರೂ ಬಂದಿದ್ದರು. ಅನ್ನಪೂರ್ಣ ಮೊದಲ ಸಲ ಮುಂದೆ ಕೂತಳು.

"ನೀವು ಹನ್ನೊಂದು ದಿನ ಬಿಸಲಾಗ ಕುಂತವರು. ಪೊಲೀಸರ ಲಾಠಿಗೆ ಬೆನ್ನು ಕೊಟ್ಟವರು. ಎಲ್ಲಾರೂ ಕೂಡಿ ಬರ್ರಿ. ನನ್ನ ಮನಿ ಮುಂದ ನಿಲ್ಲೋಣು. ಅವ ಹ್ಯಾಂಗ ಒಳಗ ಬರ್ತಾನ ನೋಡೋಣು," ಎಂದಳು.

ವಾರಿಜಾ ಎದ್ದಳು.

"ಎಂತ ಹೇಳ್ತೀ ಮಾರಾಯ್ತಿ? ನಿಂತರೆ ಪೊಲೀಸು ಬರ್ತದೆ. ಪೊಲೀಸು ಬಂದರೆ ಫೈಲು ಬರ್ತದೆ. ಫೈಲು ಬಂದರೆ ಕಿಟ್ಟನನ್ನು ಎಲ್ಲಿ ಇಡುವುದು ನಾನು, ಮೀನಿನ ಬುಟ್ಟಿಯಲ್ಲಾ?"

ಕೆಲವರು ನಕ್ಕರು. ಅನ್ನಪೂರ್ಣ ನಗಲಿಲ್ಲ.

"ಹಂಗಾರ ನಾ ಖರೇ ಹೇಳ್ತೀನಿ."

"ಹೇಳು. ಹೇಳಿ ನಿನಗೆ ಮನೆ ಸಿಗ್ತದಾ? ಇಲ್ಲ. ನಿನಗೆ ಹಿಂದೆ ಇಲ್ಲ, ಮುಂದೆ ಇಲ್ಲ. ಗಂಡ ಕಲ್ಲಡಿಗೆ ಬಿದ್ದ, ಹೊಟ್ಟೆಯಲ್ಲಿ ಒಂದು ಹುಳ ಹುಟ್ಟಲಿಲ್ಲ. ಎಲ್ಲಿಯಾದರೂ ಬದುಕ್ತೀ. ನಮಗೆ ಮಕ್ಕಳುಂಟು. ನನ್ನ ಧೃತಿ ಹತ್ತನೇ ಕ್ಲಾಸು. ಅವಳ ಪುಸ್ತಕ ರಸ್ತೆಯಲ್ಲಿ ಇಡ್ಲಾ?"

ಆ ಮಾತನ್ನು ಯಾರೂ ತಡೆಯಲಿಲ್ಲ. ನಾನೂ ತಡೆಯಲಿಲ್ಲ. ನಾನು ಎದ್ದು ನಿಂತು, ಹೋರಾಟದ ಹಿತ, ಮೂವತ್ತಾರು ಕುಟುಂಬದ ಭವಿಷ್ಯ ಎಂದು ಹೇಳಿದೆ. ಮುಂದಿನ ಪಟ್ಟಿಯಲ್ಲಿ ಅನ್ನಪೂರ್ಣಳದ್ದೇ ಮೊದಲ ಹೆಸರು ಎಂದು ಎಲ್ಲರ ಎದುರು ಮಾತು ಕೊಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟದವಳು ಅವಳೊಬ್ಬಳೇ.

ಎಂಟು ದಿನದ ಮೇಲೆ ಮಹಜರಿಗೆ ಕಂದಾಯ ನಿರೀಕ್ಷಕರು ಬಂದರು. ಜೀಪಿನ ಸದ್ದಿಗೆ ಕಿಟ್ಟ ಪಾಗಾರ ಹಾರಿದ. ಉಳಿದವರು ಅನ್ನಪೂರ್ಣಳ ಅಂಗಳದಲ್ಲಿ ತುಂಬಿದರು. ಮನೆಯ ಅಳತೆ ತೆಗೆದರು. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಒಂದು ಬಾಗಿಲು, ಎರಡು ಕಿಟಕಿ. ಸಿದ್ದಣ್ಣ ಬಿಳಿ ಅಂಗಿ ಹಾಕಿಕೊಂಡು ಜಗಲಿಯಲ್ಲಿ ನಿಂತಿದ್ದ. ನಿರೀಕ್ಷಕರು ಓದಿದರು: "ಮೃತ ಹನುಮವ್ವನಿಗೆ ಸಂತಾನ ಇರುವುದಿಲ್ಲ ಎಂದು ಪಂಚರು ತಿಳಿಸಿರುತ್ತಾರೆ." ಪಂಚರಾಗಿ ವಾರಿಜಾ ಮೊದಲು ಹೆಬ್ಬಟ್ಟು ಒತ್ತಿದಳು. ಎರಡನೆಯದು ನನ್ನ ಸಹಿ.

ನಿರೀಕ್ಷಕರು ಬಾಗಿಲಲ್ಲಿ ನಿಂತವಳನ್ನು ನೋಡಿದರು. "ಇವರು ಯಾರು?"

ವಾರಿಜಾಳ ಮಗಳು ಧೃತಿ ತಾಯಿಯ ಸೆರಗಿನ ಹಿಂದೆ ನಿಂತಿದ್ದಳು. ಅನ್ನಪೂರ್ಣ ಆ ಹುಡುಗಿಯನ್ನು ನೋಡಿದಳು, ವಾರಿಜಾಳನ್ನು ನೋಡಿದಳು, ನನ್ನನ್ನೂ ನೋಡಿದಳು. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಪಕ್ಕಕ್ಕೆ ಉಗಿದಳು.

"ಯಾರೂ ಅಲ್ರಿ."

"ಮತ್ತೆ ಇಲ್ಲಿ ಯಾಕೆ ಇದ್ದದ್ದು?"

"ಮುದುಕಿ ಹೇತದ್ದು ಬಳ್ಯಾಕ ಇದ್ದೆ. ಈಗ ಹೇಲವರಿಲ್ಲ. ಕೆಲಸ ಮುಗೀತು."

ನಿರೀಕ್ಷಕರು ಮುಜುಗರಪಟ್ಟು ತಲೆ ತಗ್ಗಿಸಿ 'ಸೇವಕಿ' ಎಂದು ಬರೆದುಕೊಂಡರು. ಸಿದ್ದಣ್ಣ ಜಗಲಿಯಿಂದ ಇಳಿದು ಬಂದು, ಎಲ್ಲರಿಗೂ ಕೇಳುವ ಹಾಗೆ, "ಇರವ್ವ, ಎಲ್ಲಿ ಹೋಗ್ತಿ? ನನ್ನ ಹುಡುಗರು ಇಲ್ಲೇ ಇರ್ತಾರ. ಅವರಿಗೆ ರೊಟ್ಟಿ ಬಡದು ಹಾಕ್ಕೋತ ಇದ್ದುಬಿಡು," ಎಂದ.

ಆದೇಶ ಬಂದ ದಿನ ಅವಳು ಬಾಗಿಲು ಕಳಚಲು ಹೋದಳು. ಹಲಸಿನ ಬಾಗಿಲು. ಮಣಿಪಾಲದಲ್ಲಿ ಒಂದು ಹಳೆ ಮನೆ ಕೆಡವುವಾಗ ಕೇಳಿ ತಂದು ತಾನೇ ಕೀಸಿ ಕೂರಿಸಿದ್ದು. ಸಿದ್ದಣ್ಣ ಪೊಲೀಸರನ್ನು ಕರೆಸಿದ. ಪೇದೆ ಮಹಜರಿನ ಪ್ರತಿ ಓದಿ ತೋರಿಸಿದ: "ಒಂದು ಬಾಗಿಲು ಅಂತ ಉಂಟಲ್ಲ ಅಮ್ಮ. ಮುಟ್ಟಬಾರದು." ಮೂವತ್ತಾರು ಮನೆಯವರೂ ಅವರವರ ಜಗಲಿಯಿಂದ ನೋಡಿದರು. ಅವಳು ಟ್ರಂಕು ತಲೆಯ ಮೇಲಿಟ್ಟುಕೊಂಡು ಗುಡ್ಡ ಇಳಿದಳು. ಬಾಡಿಗೆಗೆ ಒಂದು ಕೋಣೆಯನ್ನೂ ಅಲ್ಲಿ ಯಾರೂ ಕೊಡಲಿಲ್ಲ. ಹತ್ತಿರ ಇದ್ದರೆ ಒಂದಲ್ಲ ಒಂದು ದಿನ ಬಾಯಿ ಬಿಟ್ಟಾಳು ಎಂಬ ಹೆದರಿಕೆ. ಮಣಿಪಾಲದ ಒಂದು ಕಟ್ಟಡದ ತಗಡಿನ ಶೆಡ್ಡಿಗೆ ಹೋಗಿ ಸೇರಿಕೊಂಡಳು.

ಮುಂದಿನ ಪಟ್ಟಿ ಎರಡು ಸಾವಿರದ ಆರರಲ್ಲಿ ಬಂತು. ಅವಳು ಒಂದು ಬೆಳಿಗ್ಗೆ ಸಮಿತಿಯ ಕೋಣೆಗೆ ಬಂದು ಹೆಬ್ಬಟ್ಟು ಒತ್ತಿದ ಅರ್ಜಿ ಕೊಟ್ಟು ಹೋದಳು. ಅರ್ಜಿಯ ಜೊತೆ ಐದು ವರ್ಷ ಅದೇ ಪಂಚಾಯತಿಯಲ್ಲಿ ವಾಸವಿದ್ದದ್ದಕ್ಕೆ ದಾಖಲೆ ಬೇಕು. ಅವಳ ಹತ್ತಿರ ಇದ್ದ ದಾಖಲೆ ಒಂದೇ, ಹನುಮವ್ವನ ಮನೆಯ ಮಹಜರು. ಅದನ್ನು ಲಗತ್ತಿಸಿದರೆ ಹಳೆಯ ಫೈಲಿನ ನಂಬರು ಹೊಸ ಫೈಲಿಗೆ ಬರುತ್ತದೆ, ಯಾರಾದರೂ ಅದನ್ನು ಬಿಚ್ಚಿ ನೋಡಿಯಾರು. ಸಮಿತಿಯಲ್ಲಿ ಆಗ ಗುಡ್ಡದವರೇ ಹೆಚ್ಚು. ವಾರಿಜಾ ಅಧ್ಯಕ್ಷೆ.

"ಅವಳ ಹೆಸರು ಹಾಕಿದರೆ ನಾವೇ ಅವರನ್ನು ಕರೆದು ಹಳೆ ಫೈಲು ಕೈಗೆ ಕೊಟ್ಟ ಹಾಗೆ ಆಗ್ತದೆ, ಅಲ್ವಾ?" ಎಂದು ಅವಳು ನನ್ನನ್ನೇ ಕೇಳಿದಳು.

ಇಪ್ಪತ್ತೆರಡು ಹೆಸರಿನ ಪಟ್ಟಿ ಹೋಯಿತು. ಬರೆದದ್ದು ನಾನೇ. ಅದರಲ್ಲಿ ಅನ್ನಪೂರ್ಣ ಇರಲಿಲ್ಲ.

ಹೇಳಲು ನಾನೇ ಮಣಿಪಾಲಕ್ಕೆ ಹೋದೆ. ನಾಲ್ಕನೇ ಮಹಡಿಗೆ ಸ್ಲ್ಯಾಬ್ ಹಾಕುತ್ತಿದ್ದರು. ಮಿಕ್ಸರ್ ತಿರುಗುತ್ತಿತ್ತು. ಕೆಳಗಿನಿಂದ ಕೂಗಿದೆ. ಅವಳು ಕಾಂಕ್ರೀಟ್ ದಾಟಿಸುವವರ ಸಾಲು ಬಿಟ್ಟು ಬಂದು, ಬಾಣಲೆಯನ್ನು ಸೊಂಟಕ್ಕೆ ಆನಿಸಿ ನಿಂತಳು. ಈ ಸಲ ಆಗಲಿಲ್ಲ, ದಾಖಲೆಯ ತೊಂದರೆ, ಇನ್ನೊಂದು ಪಟ್ಟಿ ಬರುತ್ತದೆ ಎಂದೆ.

"ಇಷ್ಟು ಹೇಳಾಕ ಬಂದ್ರೇನು?" ಎಂದಳು. "ದೂರ ನಿಲ್ರಿ. ಮ್ಯಾಲಿಂದ ಮಾಲು ಬೀಳ್ತೈತಿ."

ಮೇಸ್ತ್ರಿ ಮೇಲಿನಿಂದ ಅವಳನ್ನು ಬೈದು ಕೂಗಿದ. ಕಾಂಕ್ರೀಟ್ ಗಟ್ಟಿಯಾಗುವ ಮೊದಲು ಸಾಲು ತುಂಬಬೇಕಿತ್ತು. ಅವಳು ಏಣಿ ಹತ್ತಿದಳು.